ಸೂಜಿಯಕ್ಕ ದ್ವೀಪದ ಏರು ಹತ್ತಿದ್ದು

ಸೂಜಿಯಕ್ಕನಿಗೆ ಮದುವೆಯಾಗಿರಲಿಲ್ಲ. ಹಾಗಾಗಿ ನೆಂಟರಿಷ್ಟರೆಲ್ಲ ಅವಳ ಮಾತು ಬಂದಾಗ "ಪಾಪ, ಒಬ್ಬಳೇ ಇರೋಳು" ಅನ್ನುತ್ತಿದ್ದರು. ನಿಜ ಏನೆಂದರೆ, ಐವತ್ತು ದಾಟಿದ ಆ ಹೆಂಗಸು ಹುಟ್ಟಿದಾಗಿನಿಂದ ಒಂದು ಇಡೀ ದಿನ ಒಬ್ಬಳೇ ಇದ್ದವಳಲ್ಲ. ಅಣ್ಣನ ಮನೆಯ ಮಹಡಿಯ ಮೇಲೆ ಅವಳಿಗೊಂದು ಕೋಣೆ ಇತ್ತು. ಕೋಣೆಗೆ ಚಿಲಕವೂ ಇತ್ತು. ಚಿಲಕ ಹಾಕಿದ ಸದ್ದು ಕೇಳಿದರೆ ಸಾಕು, ಕೆಳಗಿನಿಂದ ಅತ್ತಿಗೆ "ಏನಾಯ್ತೇ, ಮೈಗೆ ಹುಷಾರಿಲ್ವಾ?" ಎಂದು ಕೂಗುತ್ತಿದ್ದಳು.

ಶನಿವಾರ, ಭಾನುವಾರ ಬಂತೆಂದರೆ ಅವಳ ಪಾಡು ಕೇಳುವುದೇ ಬೇಡ. ಅಣ್ಣನ ಮಗಳು ತನ್ನ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿ, "ಅತ್ತೆ, ಒಂದು ಗಳಿಗೆ" ಎಂದು ಗಂಡನ ಜೊತೆ ಹೊರಟರೆ ಆ ಗಳಿಗೆ ಸಂಜೆಯವರೆಗೆ ಹಿಗ್ಗುತ್ತಿತ್ತು. ಅತ್ತಿಗೆಯ ತಂಗಿಗೆ ಮಂಡಿಯ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದವಳು ಸೂಜಿಯಕ್ಕ. ದೂರದ ಚಿಕ್ಕಪ್ಪ ಬಚ್ಚಲಲ್ಲಿ ಜಾರಿಬಿದ್ದಾಗ ಗಂಜಿ ಕುಡಿಸಲು ಹೋದವಳೂ ಅವಳೇ. "ಅವಳಿಗೇನು, ಗಂಡನಾ ಮಕ್ಕಳಾ" ಎಂಬ ಮಾತು ಎಲ್ಲರ ನಾಲಿಗೆಯ ತುದಿಯಲ್ಲಿತ್ತು. ಆ ಮಾತಾಡಿದವರು ಅವಳನ್ನು ಮನೆಯ ಏಣಿ ಎರವಲು ಒಯ್ದ ಹಾಗೆ ಒಯ್ಯುತ್ತಿದ್ದರು. ಏಣಿಯನ್ನಾದರೂ ಕೇಳಿ ಒಯ್ಯುವುದುಂಟು.

ವಾರದ ದಿನಗಳಲ್ಲಿ ಅವಳು ಪರದೆ ಅಂಗಡಿಯಲ್ಲಿ ಹೊಲಿಯುವವಳು. ಅಂಗಡಿಯ ಮುಂಭಾಗದಲ್ಲಿ ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಗೆ ಒರಗಿಸಿಟ್ಟ ಬಣ್ಣಬಣ್ಣದ ಬಟ್ಟೆಯ ಥಾನುಗಳು. ಹಿಂದಿನ ಕೋಣೆಯಲ್ಲಿ ದಾರದ ಧೂಳು, ಇಸ್ತ್ರಿಪೆಟ್ಟಿಗೆಯ ಕಾವು, ಕಿಟಕಿಯೇ ಇಲ್ಲದ ಗೋಡೆ. ಊರಿಗೆಲ್ಲ ಕಿಟಕಿಯ ಪರದೆ ಹೊಲಿಯುವವಳಿಗೆ ಕೂರುವ ಕಡೆ ಕಿಟಕಿ ಇರಲಿಲ್ಲ. ಸೂಜಿ ಎಂಬ ಹೆಸರು ಬಂದದ್ದು ಕೆಲಸದಿಂದಲ್ಲ, ಅವಳ ಮಾತಿನಿಂದ. ಒಮ್ಮೆ ಗಿರಾಕಿಯೊಬ್ಬಳು ಬಂದು ಪರದೆ ಗಿಡ್ಡವಾಯಿತು ಎಂದು ಜಗಳ ತೆಗೆದಾಗ, "ಪರದೆ ಸರಿಯಾಗಿದೆಯಮ್ಮ, ನಿಮ್ಮ ನೆಲ ಸ್ವಲ್ಪ ಕೆಳಗೆ ಹೋಗಿರಬೇಕು" ಎಂದಿದ್ದಳಂತೆ. ಅಂದಿನಿಂದ ಅಂಗಡಿಗೆಲ್ಲ ಅವಳು ಸೂಜಿಯಕ್ಕ. ಆದರೆ ಈ ಸೂಜಿ ಮನೆಯ ಹೊಸ್ತಿಲು ದಾಟಿದೊಡನೆ ಮೊಂಡಾಗಿಬಿಡುತ್ತಿತ್ತು. ಮನೆಯಲ್ಲಿ ಅವಳು ಇನ್ನೂ "ಪುಟ್ಟಿ". ತಲೆಯ ಅರ್ಧ ಕೂದಲು ಬೆಳ್ಳಗಾದ ಮೇಲೂ ಅಣ್ಣ ಹಾಗೇ ಕರೆಯುತ್ತಿದ್ದ. ಪುಟ್ಟಿ ಎದುರು ಮಾತಾಡುವುದಿಲ್ಲ.

ಬೇಸಿಗೆ ಇನ್ನೇನು ಮುಗಿಯುತ್ತದೆ ಎನ್ನುವಾಗ ಅಂಗಡಿಯ ವ್ಯಾನಿನಲ್ಲಿ ಅವಳು ದ್ವೀಪಕ್ಕೆ ಹೋದಳು. ಅಲ್ಲಿನ ಒಂದು ವಸತಿಗೃಹದ ಕಿಟಕಿಗಳ ಅಳತೆ ತೆಗೆಯಬೇಕಿತ್ತು. ಊರಿನ ದಡದಿಂದ ಲಾಂಚಿನಲ್ಲಿ ಹೋದರೆ ಸಿಗುವ ದ್ವೀಪ ಅದು. ನೀರಿನ ನಡುವೆ ಯಾರೋ ಗುಡ್ಡಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟಂತೆ ಕಾಣುತ್ತಿತ್ತು. ಸಮತಟ್ಟು ಜಾಗ ಎನ್ನುವುದು ಅಲ್ಲಿ ಲಾಂಚು ನಿಲ್ಲುವ ಕಟ್ಟೆಯೊಂದೇ. ಅಳತೆ ಮುಗಿಸಿ ಬರುವಾಗ ಗುಡ್ಡದ ನೆತ್ತಿಯಲ್ಲಿ ವ್ಯಾನು ಬಿಸಿಯಾಯಿತೆಂದು ಚಾಲಕ ನಿಲ್ಲಿಸಿದ. ರಸ್ತೆಯ ಪಕ್ಕದ ಮರಕ್ಕೆ ಒಂದು ಸೈಕಲ್ ಒರಗಿತ್ತು. ಹಿಂದೆ ಮುಂದೆ ಚೀಲ, ಮೇಲೆ ಸುತ್ತಿಟ್ಟ ಟೆಂಟು. ಪಕ್ಕದಲ್ಲಿ ಹುಲ್ಲಿನ ಮೇಲೆ ಯಾರೋ ಮುಖಕ್ಕೆ ಟೋಪಿ ಮುಚ್ಚಿಕೊಂಡು ಕೈಕಾಲು ಚೆಲ್ಲಿ ಮಲಗಿದ್ದರು. ಗಂಡಸೋ ಹೆಂಗಸೋ ಗೊತ್ತಾಗುವಂತಿರಲಿಲ್ಲ. ಗೊರಕೆ ಮಾತ್ರ ರಸ್ತೆಯವರೆಗೆ ಕೇಳುತ್ತಿತ್ತು.

"ಇಂಥವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ ಅಕ್ಕ," ಎಂದ ಚಾಲಕ.

"ಅದನ್ನೇ ನೋಡ್ತಿದೀನಿ," ಎಂದಳು ಸೂಜಿಯಕ್ಕ.

ಅವಳಿಗೆ ಹೊಟ್ಟೆಕಿಚ್ಚಾದದ್ದು ಆ ಸೈಕಲ್ ಮೇಲಲ್ಲ, ಆ ನಿದ್ದೆಯ ಮೇಲೆ. ಯಾರೂ ಎಬ್ಬಿಸದ ನಿದ್ದೆ. ವಾಪಸ್ ಬರುವಾಗ ಲಾಂಚಿನ ಕಂಬಿ ಹಿಡಿದು ನಿಂತವಳು ದ್ವೀಪ ಕಣ್ಮರೆಯಾಗುವವರೆಗೆ ಅತ್ತ ಕಡೆಯೇ ನೋಡುತ್ತಿದ್ದಳು.

ಮುಂದಿನ ತಿಂಗಳು ಅವಳು ಒಂದು ಹಳೆಯ ಗೇರಿನ ಸೈಕಲ್ ಕೊಂಡಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತವಳು, ಮತ್ತೆ ಮುಟ್ಟಿರಲಿಲ್ಲ. ಮೊದಲ ವಾರ ಒಂದು ಕಸದ ತೊಟ್ಟಿ, ಒಂದು ನಾಯಿ, ಒಬ್ಬ ಪೇಪರ್ ಹಾಕುವವನು ಇವರೆಲ್ಲ ಅವಳಿಂದ ಕೂದಲೆಳೆಯಲ್ಲಿ ಪಾರಾದರು. ಆಮೇಲೆ ಕಾಲು ನೆನಪು ಮಾಡಿಕೊಂಡಿತು. ಮನೆಯವರು "ಕೆಲಸಕ್ಕೆ ಹೋಗೋಕೆ ಸುಲಭ ಆಯ್ತಲ್ಲ, ಬಿಡು" ಎಂದುಕೊಂಡರು.

ಟೆಂಟನ್ನು ಅವಳೇ ಹೊಲಿದಳು. ಕೆಲಸ ಮುಗಿದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಹೊರಗೆ ಛತ್ರಿಗೆ ಹಾಕುವಂಥ ಕಪ್ಪು ಬಟ್ಟೆ, ಒಳಗೆ ಉಳಿದ ಪರದೆಯ ತುಂಡುಗಳನ್ನು ಕೊಟ್ಟು ಜೋಡಿಸಿದಳು. ಹಾಗಾಗಿ ಟೆಂಟು ಹೊರಗಿನಿಂದ ಒದ್ದೆ ಎಮ್ಮೆಯ ಹಾಗೂ ಒಳಗಿನಿಂದ ಮದುವಣಗಿತ್ತಿಯ ಕೋಣೆಯ ಹಾಗೂ ಕಾಣುತ್ತಿತ್ತು. ಹೊಲಿಗೆಯ ತೂತಿನಲ್ಲಿ ನೀರು ಇಳಿಯದಂತೆ ಮೇಣದಬತ್ತಿ ಉಜ್ಜಿದಳು. ಸೋಫಾಕ್ಕೆ ಹಾಕುವ ರೆಕ್ಸಿನ್ನಿನಲ್ಲಿ ಸೈಕಲ್ಲಿಗೆ ಚೀಲ ಮಾಡಿದಳು. ಅಣ್ಣ ಹಾಕದೆ ಬಿಟ್ಟಿದ್ದ ಪ್ಯಾಂಟೊಂದನ್ನು ಬಿಚ್ಚಿ ತನ್ನ ಅಳತೆಗೆ ಕತ್ತರಿಸಿಕೊಂಡಳು. ಅಂಗಡಿಯ ಯಜಮಾನ ಒಂದು ಸಂಜೆ ಬಂದು, ಮೇಜಿನ ಮೇಲೆ ಹರಡಿದ್ದ ಆ ಕಪ್ಪು ರಾಶಿಯನ್ನು ನೋಡಿ, "ಇದು ಯಾವ ಗಿರಾಕಿದು?" ಎಂದ.

"ತುಂಬಾ ತಕರಾರಿನ ಗಿರಾಕಿ ಸಾರ್. ಇಷ್ಟು ವರ್ಷ ಏನೂ ಕೇಳ್ದೆ ಇದ್ದು ಈಗ ಕೇಳ್ತಿದಾಳೆ."

ಮನೆಯಲ್ಲಿ ವಿಷಯ ಹೇಳಿದ್ದು ಗುರುವಾರ ರಾತ್ರಿ ಊಟದ ಹೊತ್ತಿಗೆ. "ಶನಿವಾರ ದ್ವೀಪಕ್ಕೆ ಹೋಗ್ತಿದೀನಿ. ಸೈಕಲ್ಲಲ್ಲಿ. ಗುಡ್ಡದ ಆ ಕಡೆ ಟೆಂಟು ಹಾಕೋ ಮೈದಾನ ಇದೆ, ಅಲ್ಲಿ ಉಳ್ಕೊಂಡು ಭಾನುವಾರ ಬರ್ತೀನಿ."

ಅಣ್ಣ ತುತ್ತು ಕೈಯಲ್ಲೇ ಹಿಡಿದುಕೊಂಡು, "ಯಾರ ಜೊತೆ?" ಎಂದ.

"ಒಬ್ಬಳೇ."

ಅತ್ತಿಗೆ ನಕ್ಕಳು. ಯಾರೂ ಜೊತೆ ನಗದಿದ್ದಾಗ ನಿಲ್ಲಿಸಿದಳು. ಅಣ್ಣನ ಮಗಳು ಅಂದು ಊಟಕ್ಕೆ ಬಂದಿದ್ದಳು. "ಅತ್ತೆ, ಶನಿವಾರ ನಮ್ಮ ಆಫೀಸಿನವರ ಮನೇಲಿ ಊಟ ಇದೆ. ಪಾಪೂನ ನಿಮ್ಮ ಹತ್ರ ಬಿಡೋಣ ಅಂತಿದ್ವಿ," ಎಂದಳು.

"ನಿಮ್ಮ ಜೊತೇನೇ ಕರ್ಕೊಂಡು ಹೋಗಮ್ಮ. ಅದೂ ಊಟ ಮಾಡುತ್ತೆ."

"ಪುಟ್ಟಿ," ಅಣ್ಣ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದನೆಂದರೆ ಅದು ತೀರ್ಮಾನ. "ಈ ವಯಸ್ಸಲ್ಲಿ ಕಾಡಲ್ಲಿ ಹೋಗಿ ಒಬ್ಬಳೇ ಮಲಗ್ತಾಳಂತೆ. ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೋಬೇಕು? ಜನ ಏನಂತಾರೆ?"

"ಏನಂತಾರೆ ಅಂತ ಕೇಳ್ಕೊಂಡು ಬಂದು ಹೇಳ್ತೀನಿ," ಎಂದಳು ಸೂಜಿಯಕ್ಕ.

ಆ ಮನೆಯಲ್ಲಿ ಅದುವರೆಗೆ ಅಂಥ ಉತ್ತರ ಅವಳ ಬಾಯಿಂದ ಬಂದಿರಲಿಲ್ಲ. ಅವಳು ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು, ತೊಳೆದಿಟ್ಟು, ಮಹಡಿ ಹತ್ತಿ ಚಿಲಕ ಹಾಕಿಕೊಂಡಳು. ಆ ರಾತ್ರಿ ಕೆಳಗಿನಿಂದ ಯಾರೂ ಹುಷಾರಿಲ್ವಾ ಎಂದು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಚೀಲಗಳನ್ನು ಹೊತ್ತು ಕೆಳಗಿಳಿದರೆ ಸೈಕಲ್ಲಿನ ಎರಡೂ ಚಕ್ರ ನೆಲಕ್ಕೆ ಅಂಟಿಕೊಂಡಿದ್ದವು. ಗಾಳಿ ತೆಗೆದದ್ದು ಮಾತ್ರವಲ್ಲ, ವಾಲ್ವಿನ ಪಿನ್ನುಗಳೇ ಮಾಯ. ಅವಳು ತಲೆಯೆತ್ತಿ ಅಣ್ಣನ ಕೋಣೆಯ ಕಿಟಕಿ ನೋಡಿದಳು. ತಾನೇ ಹೊಲಿದು ಹಾಕಿದ್ದ ಪರದೆ ಸಣ್ಣಗೆ ಅಲುಗಿತು. ಮುಂಜಾನೆಯ ಗಾಳಿಗೆ ಅಲುಗುವಂಥ ತೆಳು ಬಟ್ಟೆಯಲ್ಲ ಅದು, ದಪ್ಪ ಅಸ್ತರು ಕೊಟ್ಟು ಹೊಲಿದದ್ದು.

ಕೂಗಾಡಬಹುದಿತ್ತು. ಕೂಗಾಡಿದರೆ ಮನೆಯೆಲ್ಲ ಎದ್ದು, ಕಾಫಿಯಾಗಿ, ಅಳುವಾಗಿ, ಮಧ್ಯಾಹ್ನವಾಗಿ, ಕೂಸು ಮಡಿಲಿಗೆ ಬಂದುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಗಿದು, ಚೀಲ ಕಟ್ಟಿ, ಸತ್ತ ಚಕ್ರದ ಸೈಕಲ್ಲನ್ನು ತಳ್ಳುತ್ತಾ ಹೊರಟಳು. ಖಾಲಿ ಬೀದಿಯಲ್ಲಿ ಚಕ್ರದ ರಿಮ್ಮು ಕಟಕಟ ಸದ್ದು ಮಾಡುತ್ತಿತ್ತು. ಒಂದಿಬ್ಬರು ಕಿಟಕಿ ತೆಗೆದು ನೋಡಿದರು. ನೋಡಲಿ ಎಂದು ಅವಳು ಬೀದಿಯ ನಡುಮಧ್ಯಕ್ಕೆ ಬಂದು ತಳ್ಳಿದಳು. ಲಾಂಚಿನ ಕಟ್ಟೆಯ ಬಳಿಯ ಸೈಕಲ್ ರಿಪೇರಿಯವನು ಬಾಗಿಲು ತೆರೆಯುವ ಹೊತ್ತಿಗೆ ಮೊದಲ ಲಾಂಚು ಹೊರಟುಹೋಗಿತ್ತು. ಅವನು ಹೊಸ ಪಿನ್ನು ಹಾಕಿ, ಗಾಳಿ ತುಂಬಿ, "ಯಾರೋ ಬೇಕಂತಲೇ ತೆಗೆದಿದಾರಲ್ಲ. ಯಾರ ಜೊತೆ ಜಗಳ?" ಎಂದ.

"ನನ್ನ ಮೇಲೆ ಪ್ರೀತಿ ಇರೋರೇ ತೆಗೆದಿದ್ದು," ಎಂದಳು ಅವಳು.

ಎರಡನೇ ಲಾಂಚಿನಲ್ಲಿ ತರಕಾರಿ ಬುಟ್ಟಿಗಳ ಮಧ್ಯೆ ಸೈಕಲ್ ಹಿಡಿದು ನಿಂತಿದ್ದಾಗ, ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಯಜಮಾನರು ಬರ್ಲಿಲ್ವಾ?"

"ಇಲ್ಲಮ್ಮ. ನಾನೇ ಯಜಮಾನಿ."

ಹೆಂಗಸು ತನ್ನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, "ಪರವಾಗಿಲ್ವೇ," ಎಂದಳು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ದ್ವೀಪದ ಗುಡ್ಡ ವ್ಯಾನಿನಲ್ಲಿ ಕೂತು ನೋಡಿದ ಗುಡ್ಡವಾಗಿರಲಿಲ್ಲ. ವ್ಯಾನಿನಲ್ಲಿ ಅದು ಚೆಂದದ ನೋಟ. ಸೈಕಲ್ಲಿನಲ್ಲಿ ಅದು ಎದೆಯ ಮೇಲೆ ಕೂತ ಜಟ್ಟಿ. ಕೊನೆಯ ಗೇರಿಗೆ ಇಳಿಸಿದರೂ ಕಾಲು ಮಾತು ಕೇಳಲಿಲ್ಲ. ಒಂದು ತಿರುವು ತುಳಿಯುವುದು, ಎರಡು ತಿರುವು ತಳ್ಳುವುದು, ಕಲ್ಲಿನ ಮೇಲೆ ಕೂತು ನೀರು ಕುಡಿಯುವುದು, ಅಣ್ಣನನ್ನು ನೆನೆದು ಹಲ್ಲು ಕಚ್ಚಿ ಮತ್ತೆ ಏಳುವುದು. ಸಿಟ್ಟು ಒಳ್ಳೆಯ ಇಂಧನ ಎಂದು ಅವಳಿಗೆ ಆ ದಿನ ಗೊತ್ತಾಯಿತು. ಅತ್ತಿಗೆಯ ನಗುವಿನ ಮೇಲೆ ಒಂದು ತಿರುವು ಹತ್ತಿದಳು. "ಅವಳಿಗೇನು, ಗಂಡನಾ ಮಕ್ಕಳಾ" ಎಂಬುದರ ಮೇಲೆ ಮೂರು ತಿರುವು. ನೆತ್ತಿ ತಲುಪಿದಾಗ ಮುಖ ಕೆಂಡದಂತಾಗಿತ್ತು, ಕೆಳಗೆ ಎರಡೂ ಕಡೆ ನೀರು ಹೊಳೆಯುತ್ತಿತ್ತು. ಆ ಕಡೆಯ ಇಳಿಜಾರಿನಲ್ಲಿ ಬ್ರೇಕು ಕಿರುಚಿದ ಹಾಗೆ ಅವಳೂ ಕಿರುಚಿದಳು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಮತ್ತೊಮ್ಮೆ ಕಿರುಚಿದಳು.

ಟೆಂಟಿನ ಮೈದಾನದ ಗೇಟಿನ ಪಕ್ಕ ಒಂದು ಸಣ್ಣ ಗೂಡು. ಒಳಗೆ ಉಸ್ತುವಾರಿಯವನು ಫ್ಯಾನಿನ ಮುಂದೆ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಕಿಟಕಿಯಿಂದ ಅವಳ ಹಿಂದೆ ಇಣುಕಿ, "ಉಳಿದವರೆಲ್ಲಿ?" ಎಂದ.

"ಉಳಿದವರು ಯಾರೂ ಇಲ್ಲ. ನಾನೊಬ್ಬಳೇ."

"ಒಬ್ಬೊಬ್ಬರಿಗೆ ಕೊಡಲ್ಲಮ್ಮ. ಅದರಲ್ಲೂ ಲೇಡೀಸಿಗೆ."

"ಬೋರ್ಡಿನಲ್ಲಿ ನಾಯಿ ಬಿಡಬಾರದು, ಬೆಂಕಿ ಹಾಕಬಾರದು ಅಂತಿದೆ. ಹೆಂಗಸು ಬರಬಾರದು ಅಂತ ಎಲ್ಲಿದೆ?"

"ನಿಮ್ಮ ಒಳ್ಳೇದಕ್ಕೇ ಹೇಳೋದು. ಏನಾದ್ರೂ ಆದ್ರೆ ಜವಾಬ್ದಾರಿ ಯಾರು? ಒಂದು ಕೆಲಸ ಮಾಡಿ, ಮನೆಗೆ ಫೋನ್ ಮಾಡಿ ಕೊಡಿ. ನಿಮ್ಮ ಗಂಡನೋ ಮಗನೋ ಪರವಾಗಿಲ್ಲ ಅಂದ್ರೆ ಒಂದು ರಾತ್ರಿಗೆ ಅಂತ ಬಿಡ್ತೀನಿ."

ಸೂಜಿಯಕ್ಕನ ಚೀಲದಲ್ಲಿ ಫೋನಿತ್ತು. ಅಂಗಡಿಯ ಯಜಮಾನನಿಗೆ ಮಾಡಿದ್ದರೂ ಅವನು ಹ್ಞೂಂ ಅನ್ನುತ್ತಿದ್ದ. ಆದರೆ ಅವಳು ಚೀಲಕ್ಕೆ ಕೈ ಹಾಕಲಿಲ್ಲ. "ನಿಮ್ಮ ಅಮ್ಮನ ವಯಸ್ಸಿರಬಹುದು ನನಗೆ. ನಾನು ಪರವಾಗಿಲ್ಲ ಅಂತಿದೀನಿ. ಸಾಲಲ್ವಾ?" ಎಂದಳು.

"ಆಗಲ್ಲಮ್ಮ."

"ಸರಿ," ಎಂದು ಅವಳು ಸೈಕಲ್ಲನ್ನು ಗೇಟಿನ ನಡುವೆ ನಿಲ್ಲಿಸಿ, ಟೆಂಟಿನ ಕಟ್ಟು ಬಿಚ್ಚಿ, ಆ ಒದ್ದೆ ಎಮ್ಮೆಯಂಥ ಬಟ್ಟೆಯನ್ನು ದಾರಿಗೆ ಅಡ್ಡಲಾಗಿ ಹಾಸಿದಳು.

"ಏನ್ ಮಾಡ್ತಿದೀರಿ?"

"ಒಳಗೆ ಬಿಡಲ್ಲ ಅಂದ್ರಲ್ಲ. ಇದು ಹೊರಗೆ."

ಆ ಹೊತ್ತಿಗೆ ಮಕ್ಕಳು ಮರಿಗಳಿದ್ದ ಒಂದು ಕಾರು ಬಂದು ನಿಂತಿತು. ಹಿಂದೆ ಇನ್ನೊಂದು. ಹಾರ್ನಿನ ಸದ್ದಿನ ನಡುವೆ ಸೂಜಿಯಕ್ಕ ಗೂಟ ಹುಡುಕುತ್ತಾ ಕೂತಳು. ಉಸ್ತುವಾರಿಯವನು ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದ. ಅವನು ಕಾರಿನವರಿಗೆ ಏನೋ ಹೇಳಲು ಹೋದ. ಕಾರಿನವರು ಅವನಿಗೇ ಬೈದರು. ಕೊನೆಗೆ ಅವನು, "ಆಯ್ತಮ್ಮ ತಾಯಿ, ಒಳಗೆ ಬನ್ನಿ. ಶೌಚಾಲಯದ ಪಕ್ಕ ಲೈಟಿದೆ, ಅಲ್ಲಿ ಹಾಕ್ಕೊಳ್ಳಿ," ಎಂದ.

"ಅಲ್ಲಿ ವಾಸನೆ. ನಾನು ಆ ಮರದ ಕೆಳಗೆ ಹಾಕ್ಕೋತೀನಿ," ಎಂದು ಅವಳು ಬಟ್ಟೆಯನ್ನು ಎಳೆದುಕೊಂಡು ಅವನ ಮುಂದೆಯೇ ಹಾದುಹೋದಳು.

ಗೆದ್ದು ಒಳಗೆ ಬಂದವಳಿಗೆ ಸಂಜೆಯ ಹೊತ್ತಿಗೆ ಒಂದು ವಿಚಿತ್ರ ಸಂಕಟ ಶುರುವಾಯಿತು. ಟೆಂಟು ನಿಂತಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಾಯಿತು. ಸಣ್ಣ ಒಲೆಯಲ್ಲಿ ಚಹಾ ಕಾಯಿಸಿ ಕುಡಿದಾಯಿತು. ಮುಂದೆ? ಯಾರೂ ಕರೆಯುತ್ತಿಲ್ಲ. ಕೈಗೆ ಕೆಲಸವಿಲ್ಲ. ದೂರದ ಟೆಂಟುಗಳಲ್ಲಿ ಅಮ್ಮಂದಿರು ಮಕ್ಕಳನ್ನು ಗದರುವುದು ಕೇಳುತ್ತಿತ್ತು. ಅವಳು ಟವೆಲ್ಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಪಾಪು ಹಾಲು ಕುಡಿಯಿತೋ ಇಲ್ಲವೋ ಎಂದು ಯೋಚನೆ ಬಂತು. ಇದಕ್ಕಾಗಿಯೇ ಇಷ್ಟೆಲ್ಲ ರಂಪ ಮಾಡಿದ್ದು, ಈಗ ಸುಖವಾಗಬೇಕಲ್ಲ, ಯಾಕಾಗುತ್ತಿಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಫೋನು ಕೈಗೆತ್ತಿಕೊಂಡಳು. ಮನೆಯ ನಂಬರಿನ ಮೇಲೆ ಬೆರಳಿಟ್ಟಳು. ಆಮೇಲೆ ಫೋನನ್ನು ಬಂದ್ ಮಾಡಿ, ಕಾಲುಚೀಲದೊಳಗೆ ತುರುಕಿ, ಚೀಲದ ತಳಕ್ಕೆ ಹಾಕಿದಳು. ಸಂಕಟವಾದರೆ ಆಗಲಿ. ಅದೂ ತನ್ನದೇ ಸಂಕಟ, ಯಾರ ಮಂಡಿಯದ್ದೂ ಅಲ್ಲ.

ಕತ್ತಲಾಗುತ್ತಿದ್ದಂತೆ ಮಳೆ ಬಂತು. ಮೇಣ ಉಜ್ಜಿದ್ದ ಹೊಲಿಗೆಗಳೆಲ್ಲ ನೀರು ತಡೆದವು, ಕಾಲಿನ ಕಡೆಯ ಒಂದನ್ನು ಬಿಟ್ಟು. ಅಲ್ಲಿಂದ ನೀರು ತೊಟತೊಟ ಅವಳ ಹೆಬ್ಬೆರಳಿನ ಮೇಲೆಯೇ ಬೀಳತೊಡಗಿತು. ಅವಳು ಚಹಾ ಕಾಯಿಸಿದ ಪಾತ್ರೆಯನ್ನು ಅಲ್ಲಿಟ್ಟು, ಕಾಲು ಮಡಚಿ, ಗುಲಾಬಿ ಹೂವಿನ ಪರದೆಗಳ ನಡುವೆ ಮುದುಡಿ ಕೂತು, ಅಂಗಡಿಯಲ್ಲಿ ಗಿರಾಕಿಗಳು ಹೇಳುವ ಹಾಗೆ "ಏನ್ರೀ ಇದು ಹೊಲಿಗೆ!" ಎಂದು ಗಟ್ಟಿಯಾಗಿ ಹೇಳಿಕೊಂಡು ನಕ್ಕಳು. ಯಾವುದೋ ಗಳಿಗೆಯಲ್ಲಿ ನಿದ್ದೆ ಹತ್ತಿತು. ಎಚ್ಚರವಾದಾಗ ಸೂರ್ಯ ಮೇಲೆ ಬಂದು ಟೆಂಟು ಬೆಚ್ಚಗಾಗಿತ್ತು, ಪಕ್ಕದವರು ಗಂಟುಮೂಟೆ ಕಟ್ಟುತ್ತಿದ್ದರು. ಅಷ್ಟು ಹೊತ್ತಿನವರೆಗೆ ಅವಳು ಜನ್ಮದಲ್ಲಿ ಮಲಗಿರಲಿಲ್ಲ.

ತಲೆ ಹೊರಗೆ ಹಾಕಿದರೆ ಎದುರಿಗೆ ಅಣ್ಣ ನಿಂತಿದ್ದ.

ಮೊದಲ ಲಾಂಚಿಗೆ ಕಾರು ಹತ್ತಿಸಿಕೊಂಡು ಬಂದಿದ್ದನಂತೆ. ಮುಖ ಸಣ್ಣಗಾಗಿತ್ತು. "ಫೋನ್ ಯಾಕೆ ಬಂದ್ ಮಾಡಿದೀಯ? ರಾತ್ರಿಯೆಲ್ಲ ಯಾರೂ ಕಣ್ಣು ಮುಚ್ಚಿಲ್ಲ."

"ನಾನು ಚೆನ್ನಾಗಿ ನಿದ್ದೆ ಮಾಡಿದೆ ಅಣ್ಣ."

"ಆಯ್ತು, ಆಟ ಆಡಿದ್ದಾಯ್ತಲ್ಲ. ಹೊರಡು. ಹಿಂದಿನ ಸೀಟು ಮಡಚಿದ್ರೆ ಸೈಕಲ್ ಹಿಡಿಸುತ್ತೆ."

ಅವಳು ಟೆಂಟು ಕಳಚಿದಳು, ನೀರು ಕೊಡವಿದಳು, ಸುತ್ತಿದಳು. ಅಣ್ಣ ಕಾರಿನ ಹಿಂಬಾಗಿಲು ತೆರೆದು ಹಿಡಿದುಕೊಂಡು ನಿಂತ. ಅವಳು ಸೈಕಲ್ ಹತ್ತಿ ಅವನ ಪಕ್ಕದಿಂದಲೇ ಗೇಟಿನ ಕಡೆಗೆ ತುಳಿದಳು. ಉಸ್ತುವಾರಿಯವನು ಗೂಡಿನಿಂದ ತಲೆ ಹಾಕಿ ನೋಡಿದ. ಅವಳು ಗಂಟೆ ಬಾರಿಸಿದಳು.

ವಾಪಸ್ ಹೋಗಲು ಬಂದ ದಾರಿ ಒಂದು. ಇನ್ನೊಂದು, ಗುಡ್ಡದ ಉತ್ತರಕ್ಕಿರುವ ಕಡಿದಾದ ರಸ್ತೆ. ಹತ್ತುವವರೆಲ್ಲ ಅದನ್ನೇ ಹೇಳುವುದರಿಂದ ಅಲ್ಲಿನವರು ಅದಕ್ಕೆ "ಅಯ್ಯಯ್ಯೋ ಏರು" ಎನ್ನುತ್ತಾರೆ. ಸೂಜಿಯಕ್ಕ ಬಂದ ದಾರಿಯಲ್ಲೇ ಹೋಗಬೇಕೆಂದಿದ್ದಳು. ಹಿಂದೆ ಅಣ್ಣನ ಕಾರು ಶುರುವಾದ ಸದ್ದು ಕೇಳಿದ್ದೇ ತಡ, ಉತ್ತರಕ್ಕೆ ತಿರುಗಿಸಿದಳು.

ರಸ್ತೆ ಕಿರಿದು. ಒಂದು ಕಡೆ ಬಂಡೆ, ಒಂದು ಕಡೆ ಕಂದರ. ಕಾರು ಅವಳನ್ನು ದಾಟುವಂತಿಲ್ಲ, ಅವಳು ನಿಲ್ಲುವುದಿಲ್ಲ. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಾತಾಡುತ್ತಾ ಆಮೆಯ ನಡಿಗೆಯಲ್ಲಿ ಹಿಂದೆಯೇ ಬಂದ.

"ಪುಟ್ಟಿ, ನಿಲ್ಲು! ಎದೆ ಒಡ್ಕೊಂಡು ಸಾಯ್ತೀಯ!"

ಅವಳು ತುಳಿದಳು.

"ನಿಮ್ಮತ್ತಿಗೆ ಅಳ್ತಿದಾಳೆ ಕಣೇ!"

ತುಳಿದಳು.

"ಏಯ್, ಅದು ನನ್ನ ಪ್ಯಾಂಟಲ್ವಾ?"

ಇದಕ್ಕೆ ಮಾತ್ರ ಅವಳು ತಿರುಗದೆ, "ನೀನು ಹಾಕಿದ್ದಕ್ಕಿಂತ ಚೆನ್ನಾಗಿ ಕೂತಿದೆ!" ಎಂದು ಕೂಗಿದಳು.

ಕಾರಿನ ಹಿಂದೆ ಹಾಲಿನ ವ್ಯಾನೊಂದು ಸಿಕ್ಕಿಕೊಂಡಿತು. ಅದರ ಹಿಂದೆ ಎರಡು ಬೈಕು. ಹಾರ್ನುಗಳ ಮೇಳ ಶುರುವಾಯಿತು. ವ್ಯಾನಿನ ಚಾಲಕಿ ಗಟ್ಟಿ ಗಂಟಲಿನ ಹೆಂಗಸು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ರೀ ಸ್ವಾಮಿ! ಅವರು ಅವರ ಪಾಡಿಗೆ ಹೋಗ್ತಿದಾರೆ. ನೀವ್ಯಾಕೆ ಅವರ ಬಾಲ ಹಿಡ್ಕೊಂಡು ನಮ್ಮ ಹಾಲು ಒಡೆಸ್ತೀರಿ?" ಎಂದಳು.

"ಅವಳು ನನ್ನ ತಂಗಿ ಕಣ್ರೀ!"

"ಆದ್ರೇನು, ಇಳಿದು ಅವರ ಸೈಕಲ್ ತಳ್ಳಿ ಹಾಗಾದ್ರೆ!"

ಮಾತು ಮುಗಿಯುವುದರೊಳಗೆ ಅಣ್ಣನ ಕಾರು ಎರಡು ಸಲ ಕೆಮ್ಮಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಬುಸ್ಸೆಂದು ಎದ್ದಿತು. ಅಷ್ಟು ಕಡಿದಾದ ಏರಿನಲ್ಲಿ ಅಷ್ಟು ನಿಧಾನ ಓಡಿಸಿದರೆ ಯಾವ ಕಾರು ತಾನೇ ತಡೆದುಕೊಳ್ಳುತ್ತದೆ? ಅಣ್ಣ ಕೈ ಬ್ರೇಕು ಎಳೆದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಬಂಡೆಗೆ ಒರಗಿ ನಿಂತ.

ಮೇಲಿನ ತಿರುವಿನಲ್ಲಿ ಸೂಜಿಯಕ್ಕ ನಿಂತಳು. ಹಾಗೇ ಹೋಗಬಹುದಿತ್ತು. ಅವಳ ಕಾಲು ಕೂಡ ಹೋಗು ಅನ್ನುತ್ತಿತ್ತು, ಹತ್ತಿದ್ದನ್ನು ಮತ್ತೆ ಯಾರು ಇಳಿಯುತ್ತಾರೆ? ಆದರೆ ಅಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತದ್ದು ಕಂಡು, ಸೈಕಲ್ಲನ್ನು ಬಂಡೆಗೆ ಒರಗಿಸಿ, ನೀರಿನ ಬಾಟಲಿ ಹಿಡಿದು ಇಳಿದುಬಂದಳು.

"ಎದೆ ನೋವಾ?"

"ಇಲ್ಲ. ಉಸಿರು." ಅವನು ನೀರು ಕುಡಿದ. ಕುಡಿದು, ಅವಳ ಮುಖ ನೋಡದೆ, "ನಿನಗೇನಾದ್ರೂ ಆಗಿದ್ರೆ ನಾನೇನು ಮಾಡ್ಲಿ ಹೇಳು," ಎಂದ.

"ಆಗಿದ್ದು ನಿನ್ನ ಕಾರಿಗೆ."

"ತಮಾಷೆ ಮಾಡ್ಬೇಡ. ಭಯ ಆಗುತ್ತೆ ನನಗೆ. ಅಪ್ಪ ಹೋಗೋವಾಗ ನಿನ್ನ ನೋಡ್ಕೋ ಅಂದಿದ್ರು."

"ನೋಡ್ಕೋ ಅಂದ್ರು. ಸೈಕಲ್ ಗಾಳಿ ತೆಗಿ ಅಂದಿದ್ರಾ?"

ಅಣ್ಣ ಕಂದರದ ಕಡೆ ನೋಡಿದ. ಹಾಲಿನ ವ್ಯಾನಿನವಳು ಇಳಿದು ಬಂದವಳು, ಇವರ ಮಾತು ಕೇಳಿ, ಬಾನೆಟ್ಟು ಎತ್ತುವ ನೆಪದಲ್ಲಿ ಅಲ್ಲೇ ನಿಂತಳು.

"ಅಣ್ಣ, ಕೇಳು," ಎಂದಳು ಸೂಜಿಯಕ್ಕ. ಅಂಗಡಿಯಲ್ಲಿ ಮಾತಾಡುವ ದನಿ ಅದು, ಮನೆಯವರು ಯಾರೂ ಕೇಳಿರದ ದನಿ. "ನಿನ್ನ ಭಯ ನಿಂದು. ಇಷ್ಟು ವರ್ಷ ನಿನ್ನದು, ಅತ್ತಿಗೆದು, ಎಲ್ಲರ ಭಯಾನೂ ನಾನೇ ಹೊತ್ತೆ. ಈ ಏರಲ್ಲಿ ಟೆಂಟು ಹೊರೋದೇ ಸಾಕಾಗಿದೆ. ಅದನ್ನೂ ಹೊರೋಕೆ ನನ್ನ ಕೈಲಾಗಲ್ಲ. ನಾನು ಮನೆ ಬಿಟ್ಟು ಹೋಗ್ತಿಲ್ಲ. ಸಾಯಂಕಾಲ ಬರ್ತೀನಿ. ಆದ್ರೆ ಕಾರಲ್ಲಿ ಬರಲ್ಲ. ಇನ್ಮೇಲೆ ಶನಿವಾರ ಭಾನುವಾರ ನನ್ನನ್ನ ಕೇಳ್ದೆ ಯಾರಿಗೂ ಒಪ್ಕೋಬೇಡಿ."

"ಅಷ್ಟೊಂದು ಕಷ್ಟ ಕೊಟ್ವಾ ನಾವು?" ಅಣ್ಣನಿಗೆ ನಿಜವಾಗಿ ನೋವಾಗಿತ್ತು.

ಅವಳು ಅದಕ್ಕೆ ಸಮಾಧಾನ ಹೇಳಬಹುದಿತ್ತು. ಹಳೆಯ ಪುಟ್ಟಿಯಾಗಿದ್ದರೆ "ಛೇ ಇಲ್ಲಪ್ಪ" ಎನ್ನುತ್ತಿದ್ದಳು. "ಕೊಟ್ರಿ," ಎಂದಳು.

ಬಾಟಲಿಯಲ್ಲಿ ಉಳಿದ ನೀರನ್ನು ಹಾಲಿನವಳ ಕೈಗೆ ಕೊಟ್ಟು, "ಇಂಜಿನ್ ತಣ್ಣಗಾದ ಮೇಲೆ ಹಾಕಿ. ಸ್ವಲ್ಪ ಇವರನ್ನ ನೋಡ್ಕೊಳ್ಳಿ," ಎಂದಳು. ಹಾಲಿನವಳು, "ನೀವು ಹೋಗಿ ಅಕ್ಕ, ನಾನು ನೋಡ್ಕೋತೀನಿ," ಎಂದಳು. ಸೂಜಿಯಕ್ಕ ಮತ್ತೆ ಹತ್ತಿದಳು. ಕೊನೆಯ ತಿರುವುಗಳನ್ನು ತುಳಿಯಲು ಆಗಲಿಲ್ಲ, ತಳ್ಳಿದಳು. ನಾಲಿಗೆ ಒಣಗಿ ಅಂಟುತ್ತಿತ್ತು. ಅಯ್ಯಯ್ಯೋ ಎಂದು ಹಲವು ಸಲ ಅಂದಳು. ಕೆಳಗೆ ಅಣ್ಣ ಕತ್ತೆತ್ತಿ ನೋಡುತ್ತಿದ್ದಾನೆಂದು ಗೊತ್ತಿತ್ತು. ತಿರುಗಿ ನೋಡಲಿಲ್ಲ.

ಅವರಿಬ್ಬರೂ ಮನೆ ಸೇರಿದ್ದು ಬೇರೆ ಬೇರೆ ಲಾಂಚಿನಲ್ಲಿ. ಅತ್ತಿಗೆ ಆ ವಾರವೆಲ್ಲ ಅವಳೊಡನೆ ಮಾತು ಬಿಟ್ಟಳು. ಪಾತ್ರೆಗಳು ಮಾತ್ರ ಅಡಿಗೆಮನೆಯಲ್ಲಿ ಬಹಳ ಮಾತಾಡಿದವು. ಚಿಕ್ಕಪ್ಪನೊಬ್ಬ ಫೋನ್ ಮಾಡಿ ಬುದ್ಧಿ ಹೇಳಿದ. ಅವಳು ಫೋನನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟು, ಯಂತ್ರ ಓಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ಅಣ್ಣನ ಮಗಳು ಕೂಸಿಗೆ ಒಬ್ಬ ಆಯಾಳನ್ನು ಗೊತ್ತು ಮಾಡಿಕೊಂಡಳು. ಅದು ಸೂಜಿಯಕ್ಕನಿಗೆ ನಾಟಿತು. ಕೂಸು ಆಮೇಲೆ ಅವಳನ್ನು ಕಂಡರೆ ಮೊದಲಿನಂತೆ ಕೈ ಚಾಚಲಿಲ್ಲ, ಆಯಾಳ ಭುಜಕ್ಕೆ ಮುಖ ಒತ್ತಿತು. ಮಹಡಿಗೆ ಹೋಗಿ ಅವಳು ಅತ್ತಳು ಕೂಡ. ಆದರೆ ಮುಂದಿನ ಶನಿವಾರ ಮನೆಯಲ್ಲಿ ಉಳಿಯಲಿಲ್ಲ. ಮಂಗಳವಾರ ಸಂಜೆ ಕೂಸನ್ನು ನೋಡಲು ತಾನೇ ಹೋಗುವುದನ್ನು ರೂಢಿ ಮಾಡಿಕೊಂಡಳು. ಬೇಕೆನಿಸಿದಾಗ ಹೋಗಿ, ಬೇಕೆನಿಸಿದಾಗ ಎದ್ದು ಬರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಗಾಳಿ ಜೋರಿದ್ದ ಒಂದು ಶನಿವಾರ ಅವಳು ಮತ್ತೆ ಚೀಲ ಕಟ್ಟಿದಳು. ಈ ಸಲ ದ್ವೀಪವಲ್ಲ, ಅದರ ಆಚೆಯ ದಡ. ಅಲ್ಲಿ ಟೆಂಟಿನ ಮೈದಾನ ಇದೆಯೋ ಇಲ್ಲವೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಣ್ಣ ಪೇಪರಿನಿಂದ ತಲೆಯೆತ್ತಿ, "ಗಾಳಿ ಎದುರು ಇರುತ್ತೆ ಇವತ್ತು," ಎಂದಷ್ಟೇ ಹೇಳಿದ.

"ಇರಲಿ. ನಾಳೆ ಸಂಜೆ ಬರ್ತೀನಿ," ಎಂದಳು ಸೂಜಿಯಕ್ಕ.

ಅಡಿಗೆಮನೆಯಿಂದ ಅತ್ತಿಗೆ, ಈ ಕಡೆ ತಿರುಗದೆ, "ಬಾಗಿಲು ಎಳ್ಕೊಂಡು ಹೋಗು, ಧೂಳು ಬರುತ್ತೆ," ಎಂದಳು.

ಅವಳು ಎಳೆದುಕೊಂಡು ಹೋದಳು. ಗಾಳಿಗೆ ಬಾಗಿಲು ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಡಿಯಿತು.